ದೊಡ್ಡತ್ತೆ ನೋಡಿದ ಬಚ್ಚಲುಗಳು

ದೊಡ್ಡತ್ತೆ ತೀರಿಕೊಂಡ ವಾರ ನಮ್ಮನ್ನು ಮಾತಾಡಿಸಲು ಬಂದವರಲ್ಲಿ ಹುಲಗೂರಿನ ಒಬ್ಬ ಹೆಣ್ಣುಮಗಳಿದ್ದಳು. ಪಡಸಾಲೆಯಲ್ಲಿ ಕೂತಿದ್ದವರಿಗೆ ಕೈಮುಗಿದವಳು ಅಳುವುದಕ್ಕೂ ಮೊದಲು ನೆಟ್ಟಗೆ ನಮ್ಮ ಹಿತ್ತಲ ಬಚ್ಚಲಿಗೆ ಹೋದಳು. ನಳ ತಿರುಗಿಸಿದ ಸದ್ದು ಕೇಳಿಸಿತು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, 'ಬಿಸಿ ಬರ್ತೈತಿ' ಎಂದಳು. ಆಮೇಲೆ ಗೋಡೆಗೊರಗಿ ಕೂತು ಮನಸಾರೆ ಅತ್ತಳು. ನನ್ನ ಮಗಳು ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದಳು. ನನಗೇನೂ ವಿಚಿತ್ರವೆನಿಸಲಿಲ್ಲ. ಆ ಹೆಣ್ಣುಮಗಳನ್ನು ಕೊಡುವ ಮುಂಚೆ ಹುಲಗೂರಿನ ಆಕೆಯ ಗಂಡನ ಮನೆಯನ್ನು ನೋಡಿ ಬಂದವರು ದೊಡ್ಡತ್ತೆಯೇ. ಅವರಿಗೆ ಸಲ್ಲಬೇಕಾದ ರೀತಿಯಲ್ಲೇ ಆಕೆ ಗೌರವ ಸಲ್ಲಿಸಿದಳು.

ದೊಡ್ಡತ್ತೆ ಎಂದರೆ ನನ್ನ ಮಾವನವರ ಅಕ್ಕ. ಹಿರೇಕೆರೂರಿನ ಕಡೆ ಕೊಟ್ಟಿದ್ದರಂತೆ. ಮದುವೆಯಾದ ಕೆಲವೇ ವರ್ಷಕ್ಕೆ ಗಂಡ ತೀರಿಹೋದ, ಮಕ್ಕಳಿರಲಿಲ್ಲ, ಒಂದು ಟ್ರಂಕು ಹಿಡಿದುಕೊಂಡು ಅಕ್ಕಿಆಲೂರಿನ ತವರಿಗೆ ತಿರುಗಿ ಬಂದರು. ಅಲ್ಲಿಂದ ಮುಂದೆ ತಮ್ಮನ ಮನೆಯೇ ಅವರ ಮನೆ. ಓಣಿಯ ಸಣ್ಣವರು ದೊಡ್ಡವರು ಎಲ್ಲರಿಗೂ ಅವರು ದೊಡ್ಡತ್ತಿ. ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನಂತೂ ಕೇಳಿಲ್ಲ, ಹಾಗಾಗಿ ಇಲ್ಲೂ ಹೆಸರು ಬೇಡ.

ಗಿಡ್ಡ ಆಳು, ಗಟ್ಟಿ ಮೈ, ಅದಕ್ಕಿಂತ ಗಟ್ಟಿ ದನಿ. ಕಿವಿ ಸ್ವಲ್ಪ ಮಂದ. ಆದರೆ ನಳ ಹನಿಯುವ ಸದ್ದು ಮಾತ್ರ ಮಾಳಿಗೆಯ ಮೇಲಿದ್ದರೂ ಕೇಳಿಸುತ್ತಿತ್ತು. ಒಮ್ಮೆ ಹಾನಗಲ್ಲಿನ ಕಲ್ಯಾಣ ಮಂಟಪದಲ್ಲಿ ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಅವರು ಮಾಯ. ಹುಡುಕಿಕೊಂಡು ಹೋದರೆ ಊಟದ ಮನೆಯ ಹಿಂದೆ, ಸೋರುತ್ತಿದ್ದ ನಳದ ಕುತ್ತಿಗೆಗೆ ರವಿಕೆಯ ಹೊಲಿಗೆಯಿಂದ ಕಿತ್ತ ದಾರ ಸುತ್ತುತ್ತ ಕೂತಿದ್ದರು. ಮದುಮಗಳ ತಾಯಿಯೇ ಬಂದು ಕರೆದರೂ ದಾರದ ಗಂಟು ಬಿಗಿಯುವವರೆಗೂ ಏಳಲಿಲ್ಲ.

ಗಂಡು ಬಂದು ಹೆಣ್ಣನ್ನು ಒಪ್ಪಿದ ಮೇಲೆ ಹೆಣ್ಣಿನವರು ಗಂಡಿನ ಮನೆಗೆ ಹೋಗಿ ಬರುವ ರೂಢಿ ನಮ್ಮ ಕಡೆ ಇದೆ. 'ಮನಿ ನೋಡೋದು' ಎಂದೇ ಅದಕ್ಕೆ ಹೆಸರು. ಗಂಡಸರು ಪಡಸಾಲೆಯಲ್ಲಿ ಕೂತು ಹೊಲ ಎಷ್ಟು, ಬೋರಿಗೆ ನೀರು ಹೇಗೆ, ಟ್ರ್ಯಾಕ್ಟರ್ ಸ್ವಂತದ್ದೋ ಎಂದೆಲ್ಲ ವಿಚಾರಿಸುತ್ತಾರೆ. ಹೆಂಗಸರು ಅಡುಗೆಮನೆಗೆ ಇಣುಕಿ, ದೇವರ ಜಗಲಿಗೆ ಕೈಮುಗಿದು, ಉಪ್ಪಿಟ್ಟು ಚಹಾ ಮುಗಿಸಿ ಹೊರಡುತ್ತಾರೆ. ಸಂಬಂಧಿಕರಲ್ಲಿ ಯಾರು ಮನೆ ನೋಡಲು ಹೊರಟರೂ ಗಾಡಿಯಲ್ಲಿ ದೊಡ್ಡತ್ತೆಗೊಂದು ಜಾಗ ಇರಲೇಬೇಕು. ವಿಧವೆಯನ್ನು ಶುಭಕಾರ್ಯಕ್ಕೆ ಯಾಕೆ ಕರೆದುಕೊಂಡು ಹೋಗುತ್ತೀರಿ ಎಂದು ಹಳೇ ಕಾಲದವರು ಮೊದಮೊದಲು ಗೊಣಗಿದರಂತೆ. ಇವರಿಲ್ಲದೆ ಹೋಗಿ ನೋಡಿ ಬಂದ ಒಂದೆರಡು ಮನೆಗಳಿಂದ ಹುಡುಗಿಯರು ಅಳುತ್ತ ತವರಿಗೆ ಬಂದ ಮೇಲೆ ಆ ಗೊಣಗಾಟ ನಿಂತಿತು.

ಅವರ ಉಪಾಯ ಸರಳ. ಬಂದವರಿಗೆ ಕಾಲು ತೊಳೆಯಲು ಬಾಗಿಲಲ್ಲೇ ಚರಿಗೆಯಲ್ಲಿ ನೀರು ಕೊಡುತ್ತಾರಲ್ಲ, ದೊಡ್ಡತ್ತೆ ಆ ಚರಿಗೆಯನ್ನು ಮುಟ್ಟುತ್ತಿರಲಿಲ್ಲ. ಮೊಣಕಾಲು ಹಿಡಿದುಕೊಂಡಿದೆ, ಒಳಗೆ ಬಚ್ಚಲಲ್ಲೇ ತೊಳೆದುಕೊಳ್ಳುತ್ತೇನೆ ಎನ್ನುವರು. ಮನೆಯವರು ಬೇಡ ಎನ್ನಲು ಬರುತ್ತಿರಲಿಲ್ಲ. ಒಳಗೆ ಹೊಕ್ಕರೆಂದರೆ ಮುಗಿಯಿತು. ಇದ್ದಬದ್ದ ನಳವನ್ನೆಲ್ಲ ಬಿಡುವರು. ಬಿಸಿ ನಳದ ಕೆಳಗೆ ಅಂಗೈ ಹಿಡಿಯದೆ ಮುಂಗೈ ಹಿಡಿಯುವರು. ಅಂಗೈ ಒಲೆಯ ಮುಂದೆ ಕೆಲಸ ಮಾಡಿ ಮಾಡಿ ಸತ್ತುಹೋಗಿದೆ, ಅದನ್ನು ನಂಬಬಾರದು ಎನ್ನುವುದು ಅವರ ವಾದ. ಆಮೇಲೆ ಬಾಗಿಲಿನ ಚಿಲಕ ಒಳಗಿನಿಂದ ಗಟ್ಟಿಯಾಗಿ ಬೀಳುತ್ತದೋ, ಬಟ್ಟೆ ಹಾಕುವ ಗಳ ಹೆಣ್ಣುಮಕ್ಕಳ ಕೈಗೆ ಎಟುಕುತ್ತದೋ, ಮೋರಿಯಲ್ಲಿ ನೀರು ನಿಲ್ಲದೆ ಹರಿಯುತ್ತದೋ ಎಲ್ಲ ನೋಡುವರು. ಹಂಡೆ ಇದ್ದ ಮನೆಯಾದರೆ ಕಟ್ಟಿಗೆ ಒಡೆಯುವವರು ಯಾರು ಎಂದು ಕೇಳುವರು. ಪಡಸಾಲೆಯನ್ನು ನಮಗೆ ತೋರಿಸಲೆಂದೇ ಕಟ್ಟಿರುತ್ತಾರೆ, ಬಚ್ಚಲನ್ನು ಯಾರೂ ತೋರಿಸಲು ಕಟ್ಟುವುದಿಲ್ಲ, ನಿಜ ಇರುವುದು ಅಲ್ಲೇ ಎನ್ನುತ್ತಿದ್ದರು. ಎಲ್ಲ ಮುಗಿದ ಮೇಲೆ ಅವರದೊಂದು ಪ್ರಶ್ನೆ ಇರುತ್ತಿತ್ತು.

'ನಿಮ್ಮ ಮನ್ಯಾಗ ಕಡೀಗೆ ಜಳಕಾ ಮಾಡೋರು ಯಾರು? ಅವರಿಗೆ ಬಿಸಿನೀರು ಉಳಿತೈತೇನು?'

ಈ ಪ್ರಶ್ನೆಗೆ ಯಾರೂ ತಯಾರಿ ಮಾಡಿಕೊಂಡಿರುತ್ತಿರಲಿಲ್ಲ. ಹೊಲದ ಲೆಕ್ಕವನ್ನು ಹೆಚ್ಚುಕಡಿಮೆ ಮಾಡಿ ಹೇಳಬಹುದು, ಇದಕ್ಕೆ ಮುಖವೇ ಉತ್ತರ ಹೇಳಿಬಿಡುತ್ತಿತ್ತು.

ಮದುವೆಯಾದ ಮೇಲೆ ನಾನೂ ಅವರ ಜೊತೆ ಎಷ್ಟೋ ಮನೆಗಳಿಗೆ ಹೋಗಿದ್ದೇನೆ. ಸವಣೂರಿನಲ್ಲಿ ಒಂದು ಹೊಸ ಮನೆ. ಗೋಡೆಯ ಅರ್ಧದವರೆಗೆ ಟೈಲ್ಸು, ಮೇಲೆ ದೊಡ್ಡ ಗೀಝರು. ದೀಪಾವಳಿಯ ನೀರು ತುಂಬುವ ಹಬ್ಬದಲ್ಲಿ ಹಂಡೆಗೆ ಸುತ್ತುವಂತೆ ಅದಕ್ಕೆ ಬಳ್ಳಿ ಸುತ್ತಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದಿದ್ದರು. ದೊಡ್ಡತ್ತೆ ಗೀಝರಿನ ಕೆಳಗೆ ಕತ್ತೆತ್ತಿ ನೋಡಿದರೆ ವೈರಿನ ತುದಿ ಪ್ಲಾಸ್ಟಿಕ್ ಚೀಲದಲ್ಲಿ ಹಾಗೇ ಸುತ್ತಿಟ್ಟಿತ್ತು. ಗೃಹಪ್ರವೇಶವಾದಾಗಿನಿಂದ ಹಚ್ಚಿಯೇ ಇಲ್ಲ, ನೆಂಟರು ಬಂದಾಗ ಬೇಕಾದರೆ ಜೋಡಿಸುತ್ತೇವೆ ಎಂದರು ಮನೆಯ ಯಜಮಾನಿ. ನಮ್ಮ ಹುಡುಗಿ ಈ ಮನೆಗೆ ನೆಂಟಳಾಗಿ ಬರುತ್ತಿಲ್ಲವಲ್ಲ ಎಂದು ದೊಡ್ಡತ್ತೆ ನಗುತ್ತಲೇ ಹೇಳಿ ಹೊರಗೆ ಬಂದು ಚಪ್ಪಲಿ ಮೆಟ್ಟಿದರು. ಉಪ್ಪಿಟ್ಟಿನ ತಟ್ಟೆ ಹಿಡಿದವರು ಹಿಡಿದಲ್ಲೇ ಉಳಿದರು.

ಶಿಗ್ಗಾವಿಯ ಒಂದು ಮನೆಯಲ್ಲಿ ಅವರು ಹೆದರಿದ್ದನ್ನೂ ನೋಡಿದ್ದೇನೆ. ಗೀಝರಿನ ಬದಿಯ ಸಣ್ಣ ಕೊಳವೆಯಿಂದ ಆಗಾಗ ಹನಿ ಬೀಳುತ್ತದೆ. ಒಳಗಿನ ಒತ್ತಡ ಹೊರಗೆ ಹೋಗಲೆಂದೇ ಇಟ್ಟಿರುವ ದಾರಿ ಅದು. ಆ ಮನೆಯ ಅಜ್ಜಿಗೆ ಮನೆಯೊಳಗೆ ನೀರು ಹನಿಯುವುದೆಂದರೆ ಲಕ್ಷ್ಮಿ ಸೋರಿಹೋದ ಹಾಗೆ. ಬೇವಿನ ಕಡ್ಡಿಯನ್ನು ಚೂಪು ಮಾಡಿ, ಅರಿಶಿನದ ಬಟ್ಟೆ ಸುತ್ತಿ ಕೊಳವೆಯ ಬಾಯಿಗೆ ಹೊಡೆದುಬಿಟ್ಟಿದ್ದಳು. ಮೇಲೆ ಕುಂಕುಮದ ಬೊಟ್ಟು ಬೇರೆ. ದೊಡ್ಡತ್ತೆ ಅದನ್ನು ನೋಡಿದ್ದೇ ತಡ, ಎಲ್ಲರನ್ನೂ ಹೊರಗೆ ದಬ್ಬಿ ಸ್ವಿಚ್ಚು ಆರಿಸಿದರು. ತಣ್ಣಗಾಗುವವರೆಗೆ ಬಾಗಿಲಿಗೆ ಅಡ್ಡ ಕೂತರು. ಕಡ್ಡಿ ತೆಗೆಸಿದ ಮೇಲೆ, ಲಕ್ಷ್ಮಿ ಹೋದರೆ ಮತ್ತೆ ಬರುತ್ತಾಳೆ, ನೀವೆಲ್ಲ ಹೋದರೆ ಬರುವುದಿಲ್ಲ ಎಂದು ಅಜ್ಜಿಗೆ ತಿಳಿಹೇಳಿದರು. ಆ ಸಂಬಂಧವನ್ನು ಒಪ್ಪಿದರು, ಯಾಕೆಂದರೆ ಆ ಮನೆಯಲ್ಲಿ ಗಂಡಸರು ಹೆಂಗಸರೆನ್ನದೆ ಎಲ್ಲರೂ ಸರದಿಯ ಮೇಲೆ ಅದೇ ಬಿಸಿನೀರು ಹಿಡಿಯುತ್ತಿದ್ದರು.

ಹಿರೇಬೆಂಡಿಗೇರಿಯಲ್ಲಿ ಗೀಝರೂ ಇರಲಿಲ್ಲ, ಸೋಲಾರೂ ಇರಲಿಲ್ಲ. ಮಸಿ ಹಿಡಿದ ಹಂಡೆ, ಹೊಗೆ ತುಂಬಿದ ಬಚ್ಚಲು. ಹುಡುಗಿಯ ಅಪ್ಪ ಮುಖ ಸಿಂಡರಿಸಿಕೊಂಡು ಕೂತಿದ್ದ. ದೊಡ್ಡತ್ತೆ ಹಿತ್ತಲಿಗೆ ಹೋದಾಗ ಹುಡುಗನ ತಂದೆ ಧೋತರ ಮೇಲೆ ಕಟ್ಟಿ ಕಟ್ಟಿಗೆ ಒಡೆಯುತ್ತಿದ್ದರು, ಹುಡುಗ ಅದನ್ನು ಒಲೆಯ ಪಕ್ಕ ಒಟ್ಟುತ್ತಿದ್ದ. ಬೀಗರು ಬರುವ ದಿನ ಇದೇನು ಎಂದು ಕೇಳಿದ್ದಕ್ಕೆ, ದಿನಾ ಈ ಹೊತ್ತಿಗೆ ಮಾಡುವ ಕೆಲಸ, ಇವತ್ತು ಬಿಟ್ಟರೆ ನಾಳೆ ನೀರು ಕಾಯಿಸಲು ಆಕೆಗೆ ತೊಂದರೆ ಎಂದರಂತೆ ಆ ಹಿರಿಯರು. ದೊಡ್ಡತ್ತೆ ಒಳಗೆ ಬಂದು ಇನ್ನೂ ಚಹಾ ಕುಡಿಯುವ ಮೊದಲೇ ಸಕ್ಕರೆ ತರಿಸಿ ಎಲ್ಲರ ಬಾಯಿಗೂ ಹಾಕಿದರು. ಆ ಹುಡುಗಿ ಈಗ ಎರಡು ಮಕ್ಕಳ ತಾಯಿ, ಮೈತುಂಬಿಕೊಂಡು ಚೆಂದಾಗಿದ್ದಾಳೆ.

ಇಷ್ಟು ಹೇಳಿದ ಮೇಲೆ ನನ್ನ ಕಥೆ ಹೇಳಲೇಬೇಕು. ನನ್ನನ್ನು ಈ ಮನೆಗೆ ಕೊಡಬೇಡಿ ಎಂಬರ್ಥದ ಮಾತನ್ನು ನನ್ನ ಅಪ್ಪ ಅವ್ವನಿಗೆ ಹೇಳಿದವರು ಈ ಮನೆಯವರೇ ಆದ ದೊಡ್ಡತ್ತೆ.

ನನ್ನ ತವರು ಹಿರೇಕೆರೂರು. ಇಪ್ಪತ್ತು ವರ್ಷದ ಹತ್ತಿರ ಆಯಿತು. ಹುಡುಗ ನೋಡಲು ಬಂದ ದಿನ ಕೈತಪ್ಪಿ ಚಹಾವನ್ನು ತನ್ನ ಬಿಳಿ ಅಂಗಿಯ ಮೇಲೆ ಚೆಲ್ಲಿಕೊಂಡು, ಬೈಸಿಕೊಳ್ಳುವ ಮೊದಲೇ ತಾನೇ ನಕ್ಕುಬಿಟ್ಟಿದ್ದ. ನನಗೆ ಅಷ್ಟೇ ಸಾಕಾಗಿತ್ತು. ಮನಸ್ಸಿನಲ್ಲಿ ಆಗಲೇ ಅಕ್ಕಿಆಲೂರಿಗೆ ಬಂದುಬಿಟ್ಟಿದ್ದೆ. ಮನೆ ನೋಡುವುದೊಂದು ಶಾಸ್ತ್ರ ಉಳಿದಿತ್ತು. ಆಷಾಢ ಬರುವ ಮುಂಚೆ ಅಪ್ಪ, ಅವ್ವ, ಕಾಕಾ ಹೋಗಿ ಬರುವುದೆಂದಾಯಿತು.

ಅಕ್ಕಿಆಲೂರಿನಲ್ಲಿ ಆಗ ಸೋಲಾರ್ ಹಾಕಿಸಿದ ಕೆಲವೇ ಮನೆಗಳಲ್ಲಿ ಇದೂ ಒಂದು. ನನ್ನ ಮಾವನವರಿಗೆ ಅದೊಂದು ಹೆಮ್ಮೆ. ಬಂದವರನ್ನು ಮೊದಲು ಮಾಳಿಗೆಗೆ ಹತ್ತಿಸಿ ಟ್ಯಾಂಕು ತೋರಿಸಿದರಂತೆ. ಅಪ್ಪ ತಲೆದೂಗಿದರು. ಕೆಳಗೆ ಬಂದು ಉಪ್ಪಿಟ್ಟಿಗೆ ಕೈಯಿಟ್ಟಾಗ ಗಿಡ್ಡನೆಯ ಹೆಂಗಸೊಬ್ಬರು ಅವ್ವನ ಮುಂದೆ ಬಂದು ನಿಂತರು.

'ಅಕ್ಕಾರ, ನೀವು ಬಚ್ಚಲಾ ನೋಡಲಿಲ್ಲಲ್ರಿ. ಬರ್ರಿ ತೋರಸ್ತೇನಿ.'

ಅವ್ವ ನಾಚಿಕೊಂಡು ಇರಲಿ ಬಿಡಿ ಎಂದಳಂತೆ. ಆ ಹೆಂಗಸು ಕೈಹಿಡಿದು ಎಬ್ಬಿಸಿದರು. ಮೇಲಿನ ಬಚ್ಚಲಿನಲ್ಲಿ ನಳ ಬಿಟ್ಟರೆ ಬಿಸಿನೀರು. ಅದು ಗಂಡಸರ ಬಚ್ಚಲು, ಮಾವನವರ ಪೂಜೆಗೆ ತಡವಾಗಬಾರದೆಂದು ಅವರದೇ ಮೊದಲ ಜಳಕ. ಆಮೇಲೆ ಹಿತ್ತಲ ಬಚ್ಚಲಿಗೆ ಕರೆದೊಯ್ದರು. ಅದು ಹೆಂಗಸರದ್ದು. ಅಲ್ಲಿ ಬಿಸಿ ನಳ ಬಿಟ್ಟು ಅವ್ವನ ಮುಂಗೈಯನ್ನು ಹಿಡಿದು ಅದರ ಕೆಳಗಿಟ್ಟರು. ತಣ್ಣೀರು. ಬಕೆಟ್ಟು ತುಂಬಿತು, ಇನ್ನೂ ತಣ್ಣೀರೇ. ಮೇಲಿನಿಂದ ಇಲ್ಲಿಯವರೆಗೆ ಪೈಪು ಬಯಲಲ್ಲಿ ಸುತ್ತಿ ಬರುತ್ತದೆ, ಬಿಸಿ ಇಲ್ಲಿಗೆ ಮುಟ್ಟುವ ಹೊತ್ತಿಗೆ ಟ್ಯಾಂಕೇ ಖಾಲಿಯಾಗಿರುತ್ತದೆ, ಮೋಡದ ದಿನಕ್ಕೆಂದು ಕರೆಂಟಿನ ಕಾಯಿಲ್ ಇದೆ, ಆದರೆ ಅದರ ಸ್ವಿಚ್ಚು ನನ್ನ ತಮ್ಮನ ಕೋಣೆಯಲ್ಲಿದೆ, ಅವನು ತನ್ನ ಜಳಕ ಮುಗಿಸಿ ಆರಿಸಿಬಿಡುತ್ತಾನೆ ಎಂದು ಎಲ್ಲವನ್ನೂ ಬಿಡಿಸಿ ಹೇಳಿದರು. ಕೊನೆಗೆ ಅವ್ವನ ಕೈ ಒರೆಸುತ್ತ ಹೇಳಿದ ಮಾತು ಇದು.

'ಈ ಮನ್ಯಾಗ ಕಡೀಗೆ ಜಳಕಾ ಮಾಡೋರಿಗೆ ಬಿಸಿನೀರು ಸಿಗಂಗಿಲ್ರಿ ಅಕ್ಕಾರ. ನಿಮ್ಮ ಮಗಳಿಗೆ ಹೇಳ್ರಿ. ತಿಳಕೊಂಡ ಬರೋದಾದ್ರ ಬರ್ಲಿ.'

ಬಾಗಿಲಲ್ಲಿ ನಿಂತಿದ್ದ ನನ್ನ ಅತ್ತೆಯವರು ತಲೆ ತಗ್ಗಿಸಿದರಂತೆ. ಕಡೆಗೆ ಜಳಕ ಮಾಡುವವರು ಅವರೇ ಎಂದು ಅವ್ವ ತಿಳಿದಳು. ನನಗೂ ಹಾಗೆಯೇ ಹೇಳಿದಳು.

ಮನೆಗೆ ಬಂದ ಮೇಲೆ ಅಪ್ಪನ ಸಿಟ್ಟು ನೆತ್ತಿಗೇರಿತ್ತು. ತಮ್ಮ ಮನೆಯ ಹುಳುಕನ್ನು ತಾವೇ ಎತ್ತಿ ಆಡುವವರು ಎಲ್ಲಾದರೂ ಇದ್ದಾರೆಯೇ, ಆ ಮುದುಕಿಗೆ ಈ ಮದುವೆ ಬೇಕಾಗಿಲ್ಲ, ಬಿಟ್ಟುಬಿಡೋಣ ಎಂದರು. ಕಾಕಾ, ಬಿಸಿನೀರಿಗಾಗಿ ಯಾರಾದರೂ ಸಂಬಂಧ ಬಿಡುತ್ತಾರೆಯೇ ಎಂದ. ಅವ್ವ ಮಾತ್ರ ಒಳಗೆ ನನ್ನ ಪಕ್ಕ ಬಂದು ಕೂತಳು. ತನ್ನ ಮದುವೆಯಾದ ಹೊಸತರಲ್ಲಿ ಪುಷ್ಯ ಮಾಸದ ಚಳಿಯಲ್ಲಿ ತಣ್ಣೀರು ಮೈಮೇಲೆ ಹಾಕಿಕೊಂಡು ಹಲ್ಲು ಕಟಕಟಿಸುತ್ತಿದ್ದರೆ ಅತ್ತೆ ಬಾಗಿಲಾಚೆಯಿಂದ ಬೇಗ ಬಾ ಎನ್ನುತ್ತಿದ್ದಳೆಂದು ಆವತ್ತೇ ಮೊದಲ ಬಾರಿಗೆ ನನಗೆ ಹೇಳಿದಳು. ಆ ಹೆಂಗಸು ನನ್ನ ಕೈ ಹಿಡಿದು ನೀರಿಗಿಟ್ಟಾಗ ಅಳು ಬಂತು, ಇನ್ನು ನೀನುಂಟು ನಿನ್ನ ಮನಸ್ಸುಂಟು ಎಂದಳು.

ಹುಡುಗ ಬೇಕು. ತಣ್ಣೀರು ಬೇಡ. ನಾನು ಅದನ್ನೇ ಹೇಳಿದೆ. ನೀರು ಸರಿ ಮಾಡಿಸಲಿ, ಆಮೇಲೆ ಬರುತ್ತೇನೆ ಎಂದು ಅವರಿಗೆ ತಿಳಿಸಿ ಎಂದೆ. ಅಪ್ಪನಿಗೆ ನೆಲ ಬಾಯಿಬಿಡಬಾರದೇ ಎನಿಸಿರಬೇಕು, ಆದರೂ ಫೋನ್ ಮಾಡಿದರು. ಆ ಕಡೆಯಿಂದ ಮಾವನವರು, ನಮ್ಮ ಮನೆಗೆ ಸೊಸೆ ಬೇಕಾಗಿದ್ದಾಳೆ, ಪ್ಲಂಬರ್ ಅಲ್ಲ ಎಂದು ಫೋನ್ ಇಟ್ಟುಬಿಟ್ಟರು. ಆಷಾಢ ಹೋಯಿತು, ಶ್ರಾವಣವೂ ಬಂತು, ಸುದ್ದಿಯೇ ಇಲ್ಲ. ನಾನು ಮೇಲೆ ಗಟ್ಟಿಯಾಗಿದ್ದೆ. ಒಳಗೆ ಪ್ರಾಣ ಹಾರಿಹೋಗಿತ್ತು. ಬೇರೆ ಗಂಡುಗಳ ಮಾತು ಶುರುವಾದಾಗ ಆ ಕಾಣದ ದೊಡ್ಡತ್ತೆಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದ್ದೂ ಉಂಟು.

ಈ ಕಡೆ ಅಕ್ಕಿಆಲೂರಿನಲ್ಲಿ ನಡೆದದ್ದನ್ನು ಆಮೇಲೆ ನಮ್ಮ ಮನೆಯವರು ನನಗೆ ನಗುತ್ತ ನಗುತ್ತ ಹೇಳಿದರು. ಮಾವನವರು ಅಕ್ಕನ ಜೊತೆ ಮಾತು ಬಿಟ್ಟಿದ್ದರು. ಅಕ್ಕ ಮಾತ್ರ ದಿನಾ ಬೆಳಗಿನ ಜಾವ ಸಂಡಿಗೆ ಒಣಗಿಸುವ ನೆಪ ಹೇಳಿ ಮಾಳಿಗೆ ಹತ್ತುತ್ತಿದ್ದರಂತೆ. ಮಳೆಗಾಲದಲ್ಲಿ ಎಂಥ ಸಂಡಿಗೆ ಎಂದು ಯಾರಿಗೂ ಹೊಳೆಯಲಿಲ್ಲ. ಅತ್ತ ಮೇಲಿನ ಬಚ್ಚಲಿನಲ್ಲಿ ಬಿಸಿನೀರು ಬರುವುದು ನಿಂತಿತು. ಮಾವನವರು ತಣ್ಣೀರು ಸುರಿದುಕೊಂಡು, ನಡುಗುವ ಕೈಯಲ್ಲೇ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂರುತ್ತಿದ್ದರು. ನಳದ ಮಿಸ್ತ್ರಿಯನ್ನು ಕರೆಸಿದರೆ ಅವನು ಹಗಲು ಹೊತ್ತಿನಲ್ಲಿ ಮೇಲೆ ಹೋಗಿ ಬಂದು, ಎಲ್ಲ ಸರಿಯಿದೆ ಎಂದು ತಲೆ ಕೆರೆದುಕೊಳ್ಳುತ್ತ ಹೋಗಿಬಿಟ್ಟ. ಕೊನೆಗೊಂದು ದಿನ ಮಾವನವರೇ ಬೆಳಗಾಗುವ ಮುಂಚೆ ಹತ್ತಿ ನೋಡಿದರೆ, ಅಕ್ಕ ತಲೆಗೆ ಗೋಣಿಚೀಲ ಹೊದ್ದುಕೊಂಡು, ಮೇಲಿನ ಬಚ್ಚಲಿಗೆ ಹೋಗುವ ವಾಲ್ ಬಂದ್ ಮಾಡಿ, ಅದರ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ತಮ್ಮನ ಜಳಕ ಮುಗಿದ ಮೇಲೆ ದಿನಾ ಅದನ್ನು ಮತ್ತೆ ಬಿಟ್ಟು ಇಳಿಯುತ್ತಿದ್ದರಂತೆ.

ಬೈಯಲು ಬಾಯಿ ತೆರೆದ ತಮ್ಮನಿಗೆ, ತಣ್ಣೀರು ಹೇಗಿದೆ ಎಂದು ಕೇಳಿದರಂತೆ. ತನ್ನ ಹೆಂಡತಿ ಇಷ್ಟು ವರ್ಷದಲ್ಲಿ ಒಂದು ಮಾತೂ ಹೇಳಲಿಲ್ಲವಲ್ಲ ಎಂದರು ಮಾವನವರು. ನೀನು ಕೇಳಿದ್ದೆಯಾ ಎಂದರು ಅಕ್ಕ. ಮಾವನವರು ಅಲ್ಲೇ ಕಟ್ಟೆಯ ಮೇಲೆ ಕೂತರು. ತುಂತುರು ಮಳೆ ಹನಿಯುತ್ತಿತ್ತಂತೆ, ಇಬ್ಬರೂ ಬಹಳ ಹೊತ್ತು ಇಳಿದು ಬರಲಿಲ್ಲ. ಆ ವಾರವೇ ಮಿಸ್ತ್ರಿ ಮತ್ತೆ ಬಂದ. ಟ್ಯಾಂಕಿನಿಂದ ಹಿತ್ತಲ ಬಚ್ಚಲಿಗೆ ಬೇರೆ ಪೈಪು ಎಳೆದು, ಬಿಸಿ ಆರದಂತೆ ಅದಕ್ಕೆ ಹೊದಿಕೆ ಸುತ್ತಿದ. ಕಾಯಿಲ್ಲಿನ ಸ್ವಿಚ್ಚು ಮಾವನವರ ಕೋಣೆಯಿಂದ ಅಡುಗೆಮನೆಗೆ ಬಂತು. ದಸರೆಗೆ ನಮ್ಮ ಮನೆಗೆ ಫೋನ್ ಬಂತು. ಮಾವನವರು ಹೆಚ್ಚೇನೂ ಮಾತಾಡದೆ, ನೀರು ಬಿಸಿಯಾಗಿದೆ, ತಾರೀಖು ತೆಗೆಸಿ ಎಂದರಂತೆ.

ಮದುವೆ ಚಳಿಗಾಲದಲ್ಲಾಯಿತು. ಗಂಡನ ಮನೆಯಲ್ಲಿ ಮೊದಲ ಮುಂಜಾನೆ, ಹೊಸ ಸೊಸೆಗೆ ಮೊದಲು ಎರೆಯಬೇಕೆಂದು ಅತ್ತೆಯವರು ಬಕೆಟ್ಟು ಹಿಡಿದು ನಿಂತಿದ್ದರು. ದೊಡ್ಡತ್ತೆ ಬಕೆಟ್ಟು ಕಸಿದುಕೊಂಡು ಅತ್ತೆಯವರನ್ನೇ ಬಚ್ಚಲೊಳಗೆ ದಬ್ಬಿದರು. ನೀರು ನೋಡಿ ಬರುತ್ತೇನೆ ಎಂದವಳು ಇವಳು, ಕಡೆಗೆ ಇವಳೇ ಮಾಡಲಿ, ನೋಡಲಿ ಎಂದರು. ಬಂದ ನೆಂಟರ ಹೆಂಗಸರು ಒಬ್ಬೊಬ್ಬರಾಗಿ ಹೋಗಿ ಬಂದರು. ಎಲ್ಲರದೂ ಮುಗಿದ ಮೇಲೆ ನನ್ನನ್ನು ಒಳಗೆ ಕಳಿಸಿದರು. ಚಿಲಕ ಹಾಕಿ ನಳ ತಿರುಗಿಸಿದೆ. ಮುಂಗೈ ಹಿಡಿದೆ. ಸುಡುತ್ತಿತ್ತು. ಬಚ್ಚಲ ತುಂಬ ಉಗಿ ಎದ್ದಿತು. ಅಷ್ಟು ದಿನದ ಹೆದರಿಕೆಯೆಲ್ಲ ಇಳಿದುಹೋಗುವ ಹಾಗೆ ನಾನು ಚರಿಗೆಯ ಮೇಲೆ ಚರಿಗೆ ಸುರಿದುಕೊಂಡೆ. ಇನ್ನೊಂದು ಬಕೆಟ್ಟು ಹಿಡಿದೆ. ಹೊರಗೆ ದೊಡ್ಡತ್ತೆ ಬಾಗಿಲು ಬಡಿದು, ಬಿಸಿ ಇದೆಯಾ ಎಂದು ಕೇಳಿದರು. ಇದೆ, ಸುಡುತ್ತಿದೆ ಎಂದೆ. ನನಗೆ ನಗು ತಡೆಯಲಾಗುತ್ತಿರಲಿಲ್ಲ. ಆಚೆಯಿಂದ ಅವರು ಮೆಲ್ಲಗೆ ಹೇಳಿದರು.

'ಹಂಗಾರ ಒಂದ ಬಕೀಟ ಉಳಸವಾ ತಂಗಿ. ನಂದಿನ್ನೂ ಆಗಿಲ್ಲ.'

ನಳದ ಮೇಲಿದ್ದ ನನ್ನ ಕೈ ಹಾಗೇ ನಿಂತಿತು. ಆ ಮನೆಯಲ್ಲಿ ಕಡೆಗೆ ಜಳಕ ಮಾಡುವವರು ನನ್ನ ಅತ್ತೆಯವರಲ್ಲ. ನಾನೂ ಅಲ್ಲ. ನನ್ನ ಅವ್ವ, ಮಾವನವರು, ನಾನು, ಯಾರೂ ಇವರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ನಳ ಬಂದ್ ಮಾಡಿ, ಒದ್ದೆ ಮೈಮೇಲೇ ಸೀರೆ ಸುತ್ತಿಕೊಂಡು ಹೊರಗೆ ಬಂದೆ. ಅವರು ಹೆಗಲ ಮೇಲೆ ಸೀರೆ ಹಾಕಿಕೊಂಡು ಬಾಗಿಲ ಪಕ್ಕದಲ್ಲೇ ಕೂತಿದ್ದರು. ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿಸಿತು, ಆಮೇಲೆ ಮೊದಲ ಚರಿಗೆ ಸುರಿದ ಸದ್ದು. ಅತ್ತೆಯವರು ಇನ್ನೂ ಪೂರ್ತಿ ಆರದ ಕೂದಲನ್ನು ಬಿಡಿಸಿಕೊಳ್ಳುತ್ತ ನನ್ನ ಪಕ್ಕ ಬಂದು ನಿಂತರು. ತಾವು ಈ ಮನೆಗೆ ಬಂದಾಗಿನಿಂದ ದೊಡ್ಡತ್ತೆ ತಮ್ಮ ನಂತರವೇ ಜಳಕ ಮಾಡುವುದು, ನೀರು ಬಿಸಿ ಇದೆಯೇ ಎಂದು ತಾವು ಒಂದು ದಿನವೂ ಕೇಳಲಿಲ್ಲ ಎಂದರು. ಅವರ ಕಣ್ಣು ತುಂಬಿತ್ತು.

ನಾನು ಬಾಗಿಲು ಬಡಿದೆ.

'ಬಿಸಿ ಐತೇನ್ರಿ ದೊಡ್ಡತ್ತಿ?'

ಒಳಗೆ ನೀರು ಸುರಿಯುವ ಸದ್ದು ನಿಂತಿತು. ಮತ್ತೆ ಕೇಳಿದೆ. ಆಗ ಬಂದ ದನಿ ಓಣಿಗೆಲ್ಲ ಕೇಳಿಸುವ ಆ ದೊಡ್ಡ ದನಿಯಾಗಿರಲಿಲ್ಲ.

'ಐತೆವಾ. ನೀ ಅತ್ಲಾಗ ಹೋಗು.'

ನಾನು ಹೋಗಲಿಲ್ಲ. ಅವರು ಹೊರಗೆ ಬರುವವರೆಗೂ ಅಲ್ಲೇ, ಬಾಗಿಲಿಗೆ ಕೈಯಿಟ್ಟುಕೊಂಡು ನಿಂತಿದ್ದೆ.